ಬಾಗಿಲಿಲ್ಲದ ಕೋಣೆಯ ಕಾಕ

ಅವರು ತೀರಿಕೊಂಡು ಇಂದಿಗೆ ಹನ್ನೆರಡು ದಿನ. ಪ್ರಾಣ ಹೋದಾಗ ನಾನು ಅವರಿಂದ ಏಳೆಂಟು ಅಡಿ ದೂರದಲ್ಲಿ ಕೂತಿದ್ದೆ. ಅವರ ಬೆನ್ನು ನನ್ನ ಕಡೆಗಿತ್ತು. ಆ ದಿನ ಏನಾಯಿತೆಂದು ಅನೇಕರು ಕೇಳಿದರು. ನಾನು ಹೇಳಿದ್ದು ಒಬ್ಬೊಬ್ಬರಿಗೆ ಒಂದೊಂದು ಥರ ಆಯಿತು, ನಿಮಿಷಗಳು ಹಿಂದುಮುಂದಾದವು. ಆದ್ದರಿಂದ ನಿಧಾನವಾಗಿ ಬರೆದಿಡುತ್ತಿದ್ದೇನೆ. ಆದರೆ ಅವರು ಯಾರು, ಅವರ ಬೆನ್ನು ಯಾಕೆ ನನ್ನ ಕಡೆಗಿತ್ತು ಎನ್ನುವುದನ್ನು ಮೊದಲು ಹೇಳಬೇಕು.

ಹೆಸರು ಬರೆಯುವುದಿಲ್ಲ. ಮಂಗಳೂರಿನ ಪಂಪ್‌ವೆಲ್‌ನಲ್ಲಿ ಫ್ಲೈಓವರಿನ ಬದಿಗೆ ಅವರದ್ದು ಹಳೆಯ ಜಪಾನಿ ಗಾಡಿಗಳ ಬಿಡಿಭಾಗಗಳ ಅಂಗಡಿ. ಅದರ ಬೋರ್ಡಿನಲ್ಲೂ ಹೆಸರಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, "ಜನಕ್ಕೆ ಬೇಕಾದ್ದು ಗೇರ್‌ಬಾಕ್ಸ್. ನನ್ನನ್ನು ತಕ್ಕೊಂಡು ಎಂತ ಮಾಡ್ತಾರೆ?" ಎಂದಿದ್ದರು. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳಲ್ಲಿ ಹಿರಿಯರನ್ನು ಕರೆಯುವ ಹಾಗೆ ಎಲ್ಲರೂ ಕಾಕ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಅವರನ್ನು ಮೊದಲು ಕಂಡದ್ದು ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ. ನಾನು ಅಲ್ಲಿ ರೋಗಿಗಳಿಗೆ ಸ್ನಾನ ಮಾಡಿಸುವ, ಉಣ್ಣಿಸುವ, ಮಗ್ಗುಲು ಬದಲಿಸುವ ಕೆಲಸದಲ್ಲಿದ್ದೆ. ಅವರು ಪಿತ್ತಕೋಶದ ಆಪರೇಶನ್ನಿಗೆಂದು ನಾಲ್ಕು ದಿನ ಇದ್ದರು. ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳಲು ಜನ ಬೇಕೆಂದು ಒಂದು ಏಜೆನ್ಸಿಯವರು ಹೇಳಿ ನನಗೆ ಅಕ್ಷರಗಳ ಹಾಳೆ ಕೊಟ್ಟಿದ್ದರು. ಬಿಡುವಾದಾಗ ಅದನ್ನು ತಿದ್ದುತ್ತಿದ್ದೆ. ಕಾಕ ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ ಅದನ್ನು ತಲೆಕೆಳಗಾಗಿ ಓದಿದರು.

"ಮಗಳೇ, ಆ ಮೂರನೇದು ತಪ್ಪು. ಹಾಗೆ ಬರೆದ್ರೆ ಪೆಟ್ಟಿಗೆ ಉಲ್ಟಾ ಇಳಿಸ್ತಾರೆ."

ಗಲ್ಫಿನಲ್ಲಿ ಹದಿನೆಂಟು ವರ್ಷ ಅವರು ಹಳೆಯ ಇಂಜಿನ್‌ಗಳ ಯಾರ್ಡಿನಲ್ಲಿ ದುಡಿದಿದ್ದರು. ಪೆಟ್ಟಿಗೆಗಳ ಮೇಲಿನ ಬರಹ ನೋಡಿ ನೋಡಿಯೇ ಜಪಾನಿ ಅಕ್ಷರ ಕಲಿತಿದ್ದರು. ಮೇಲೆ, ಕೆಳಗೆ, ಎಡ, ಬಲ, ಜಾಗ್ರತೆ. "ಇಷ್ಟು ಗೊತ್ತಿದ್ರೆ ಯಾರದ್ದೂ ಕೈ ಮುರಿಯುದಿಲ್ಲ" ಎನ್ನುತ್ತಿದ್ದರು. ಮಾತಾಡಲು ಮಾತ್ರ ಬರುತ್ತಿರಲಿಲ್ಲ. ಊರಿಗೆ ಬಂದ ಮೇಲೆ ಅಕ್ಕನ ಮಗನಿಂದ ಕಂಪ್ಯೂಟರಿನಲ್ಲಿ ಕಲಿಯುವ ಒಂದು ಕೋರ್ಸು ತರಿಸಿ, ಅಂಗಡಿಯ ಮೇಲಿನ ಕೋಣೆಯಲ್ಲಿ ಹಾಕಿಸಿಕೊಂಡಿದ್ದರು. ಯಾಕೆ ಕಲಿಯುತ್ತೀರಿ ಎಂದರೆ ಉತ್ತರ ಸರಳ: "ಹದಿನೆಂಟು ವರ್ಷ ಅವರ ಪೆಟ್ಟಿಗೆ ಎತ್ತಿದ್ದೇನೆ. ಒಂದು ಮಾತಾದ್ರೂ ಆಡ್ಬೇಡ್ವಾ?"

ಆಸ್ಪತ್ರೆಯಿಂದ ಹೋಗುವ ದಿನ ನನಗೆ ಹೇಳಿದರು, "ಮೇಲೆ ಕಂಪ್ಯೂಟರ್ ಸುಮ್ಮನೆ ಕೂತಿರ್ತದೆ. ಅದು ಮಾತಾಡ್ತದೆ. ನೀನು ಬಾ."

ನನಗೆ ಆಗ ಮೂವತ್ತೊಂಬತ್ತು. ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದ ಅಮ್ಮ ಹಿಂದಿನ ವರ್ಷ ತೀರಿಕೊಂಡಿದ್ದಳು. ಅಣ್ಣ ದೇವಸ್ಥಾನದಲ್ಲಿ ಅರ್ಚಕ. ಅಪ್ಪನೂ ಅದೇ ಕೆಲಸ ಮಾಡಿದವರು. ಅಣ್ಣ ಅತ್ತಿಗೆ ನನಗೆ ಯಾವ ಕೊರತೆಯನ್ನೂ ಮಾಡಿದವರಲ್ಲ. ಆದರೆ ಅಮ್ಮ ಹೋದ ಮೇಲೆ ಆ ಮನೆಯಲ್ಲಿ ನನಗೆ ಒಂದು ಕೋಣೆ ಇತ್ತು, ಜಾಗ ಇರಲಿಲ್ಲ. ನನಗೆ ಬರುತ್ತಿದ್ದದ್ದು ಒಂದೇ ಕೆಲಸ, ಮಲಗಿದವರನ್ನು ನೋಡಿಕೊಳ್ಳುವುದು. ಅದನ್ನು ನನ್ನದೇ ಕಾಲ ಮೇಲೆ ನಿಂತು ಮಾಡಬೇಕೆಂಬ ಆಸೆಯಿತ್ತು. ಏಜೆನ್ಸಿಯವರು ನಲವತ್ತು ದಾಟಿದವರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಆ ವರ್ಷ ತಪ್ಪಿದರೆ ತಪ್ಪಿದ ಹಾಗೆಯೇ.

ಹಾಗಾಗಿ ಹೋದೆ. ನಾಲ್ಕು ಗಂಟೆಗೆ ಡ್ಯೂಟಿ ಮುಗಿಸಿ ವಾರದಲ್ಲಿ ಐದು ದಿನ ಹೋದೆ.

ಆ ಕೋರ್ಸಿನಲ್ಲಿ ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ. ಪರದೆಯಲ್ಲಿ ನಾಲ್ಕು ಚಿತ್ರ ಬರುತ್ತವೆ: ಹುಡುಗ ಅನ್ನ ತಿನ್ನುತ್ತಿದ್ದಾನೆ, ಹೆಂಗಸು ನೀರು ಕುಡಿಯುತ್ತಿದ್ದಾಳೆ, ಹೀಗೆ. ಒಂದು ದನಿ ಜಪಾನಿಯಲ್ಲಿ ಏನೋ ಹೇಳುತ್ತದೆ. ಯಾವ ಚಿತ್ರವೆಂದು ನಾವು ಊಹಿಸಿ ಒತ್ತಬೇಕು. ಆಮೇಲೆ ಅದೇ ವಾಕ್ಯವನ್ನು ಮೈಕಿನಲ್ಲಿ ಹೇಳಬೇಕು. ಸರಿಯಾದರೆ ಹಸಿರು ಗುರುತು, ತಪ್ಪಾದರೆ ಕೆಂಪು. ಹಸಿರು ಬಾರದೆ ಪಾಠ ಮುಂದೆ ಹೋಗುವುದಿಲ್ಲ. ಕೋಣೆಯೊಳಗೆ ಬಂದ ಮೇಲೆ ಒಂದು ಗಂಟೆ ಕಾಲ ಬೇರೆ ಭಾಷೆ ಆಡಕೂಡದು ಎಂದು ಕಾಕ ನಿಯಮ ಮಾಡಿದ್ದರು. ಗೊತ್ತಾಗದಿದ್ದರೆ ಸುಮ್ಮನಿರಬಹುದು. ಎಷ್ಟು ಹೊತ್ತು ಬೇಕಾದರೂ ಸುಮ್ಮನಿರಬಹುದು. ಸುಮ್ಮನಿರುವವರನ್ನು ಅವಸರಪಡಿಸಬಾರದು.

ಅವರು ಬಾಗಿಲಲ್ಲಿ ಕುರ್ಚಿ ಹಾಕಿ, ಹೊರಗಿನ ಮೆಟ್ಟಿಲು ಮತ್ತು ರಸ್ತೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ನಾನು ಕೋಣೆಯ ಕೊನೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ. "ನಿನ್ನ ಮುಖ ನೋಡಿದ್ರೆ ನಾನು ಸಹಾಯ ಮಾಡ್ತೇನೆ. ನನ್ನ ಬಾಯಿ ಮುಚ್ಚಿದ್ರೂ ಮುಖ ಮುಚ್ಚುದಿಲ್ಲ" ಎಂದರು. ಕಿವಿಯಿಂದ ಮಾತ್ರ ಪರೀಕ್ಷೆ ಮಾಡಲು ಹಾಗೆ ಕೂರುತ್ತಾರೆ ಎಂದು ನಾನು ನಂಬಿದ್ದೆ.

ಮೂರನೆಯ ವಾರ ಅಣ್ಣ ಬಂದ. ನಿಮ್ಮ ತಂಗಿ ದಿನಾ ಬ್ಯಾರಿಯ ಅಂಗಡಿಯ ಮಹಡಿ ಹತ್ತುತ್ತಾಳೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಮೆಟ್ಟಿಲಲ್ಲಿ ಅವನ ಹೆಜ್ಜೆ ನನಗೆ ಗೊತ್ತಾಯಿತು, ತಿರುಗಲಿಲ್ಲ.

"ಬನ್ನಿ ಭಟ್ರೇ," ಕಾಕ ಹೇಳಿದರು. "ಒಳಗೆ ಹೋಗಿ ನೋಡಿ. ಬಾಗಿಲು ಹಾಕುವ ಅಂದ್ರೂ ಆಗುದಿಲ್ಲ. ಹಲಗೆಯನ್ನೇ ತೆಗೆದು ಕೆಳಗೆ ಇಟ್ಟಿದ್ದೇನೆ."

ಆಗ ಒಮ್ಮೆ ತಿರುಗಿ ನೋಡಿದಾಗಲೇ ನಾನು ಗಮನಿಸಿದ್ದು. ಚೌಕಟ್ಟಿನಲ್ಲಿ ತಿರುಗಣಿಗಳಿದ್ದವು, ಬಾಗಿಲು ಇರಲಿಲ್ಲ. ಎದುರಿನ ಟಯರ್ ಅಂಗಡಿಯವರಿಗೆ, ಬಸ್ಸಿಗೆ ಕಾದು ನಿಂತವರಿಗೆ, ಎಲ್ಲರಿಗೂ ಕಾಣುವ ಹಾಗೆ ಅವರು ಹೊರಗೆ ಮುಖ ಮಾಡಿ ಕೂತಿರುತ್ತಿದ್ದರು. ಆ ಬಗ್ಗೆ ಒಂದು ಮಾತನ್ನೂ ಅವರು ನನಗೆ ಹೇಳಿರಲಿಲ್ಲ.

ಅಣ್ಣ ಸ್ವಲ್ಪ ಹೊತ್ತು ನಿಂತು ನಾನು ಹೇಳುವುದನ್ನು ಕೇಳಿದ. ಮತ್ತೆ, "ಇದು ಸಂಥೆಯ ಹಾಗೇ ಉಂಟಲ್ಲ ಕಾಕ?" ಎಂದ. ನಮ್ಮಲ್ಲಿ ಮಂತ್ರ ಕಲಿಸುವುದು ಹಾಗೆ: ಗುರು ಒಮ್ಮೆ ಹೇಳಿದ್ದನ್ನು ಶಿಷ್ಯ ಅದೇ ಸ್ವರದಲ್ಲಿ ಎರಡು ಸಲ ಹೇಳಬೇಕು.

"ನಮ್ಮ ಮದ್ರಸದಲ್ಲಿಯೂ ಅದೇ. ಉಸ್ತಾದರು ಹೇಳುದು, ನಾವು ಹೇಳುದು. ತಪ್ಪಿದ್ರೆ ಬೆತ್ತ."

"ನಮಗೆ ಬೆತ್ತ ಇಲ್ಲ. ಕಿವಿ."

"ಅದಕ್ಕೇ ನಿಮ್ಮ ಕಿವಿ ಅಷ್ಟು ದೊಡ್ಡದು," ಎಂದರು ಕಾಕ. ಅಣ್ಣ ನಕ್ಕದ್ದು ನನಗೆ ಬೆನ್ನಿನಿಂದಲೇ ಕೇಳಿತು. ಅವನು ಮತ್ತೆ ವಿಚಾರಿಸಲು ಬರಲಿಲ್ಲ. ಮಳೆ ಜೋರಿದ್ದ ದಿನ ಸ್ಕೂಟರಿನಲ್ಲಿ ಬಿಟ್ಟು ಹೋದದ್ದುಂಟು.

ಅಪ್ಪ ಅಣ್ಣನಿಗೆ ಸಂಥೆ ಹೇಳುತ್ತಿದ್ದಾಗ ಹುಡುಗಿಯಾದ ನನ್ನನ್ನು ಕೂರಿಸುತ್ತಿರಲಿಲ್ಲ. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾ ಕೇಳಿಯೇ ಎಲ್ಲವೂ ನನ್ನ ಬಾಯಿಗೆ ಬಂದಿತ್ತು. ಕೇಳಿದ್ದನ್ನು ಹಾಗೆಯೇ ಮರಳಿ ಹೇಳುವುದು ನನಗೆ ಉಸಿರಾಟದಷ್ಟು ಸುಲಭ. ಕಂಪ್ಯೂಟರಿಗೆ ಅದು ಸಾಕಿತ್ತು. ಹಸಿರಿನ ಮೇಲೆ ಹಸಿರು ಬಂತು. ಎರಡು ತಿಂಗಳಲ್ಲಿ ನಾನು ಇಪ್ಪತ್ತು ಪಾಠ ದಾಟಿದೆ.

ಕಾಕ ಹನ್ನೊಂದನೆಯ ಪಾಠದಲ್ಲೇ ಇದ್ದರು, ಒಂದೂವರೆ ವರ್ಷದಿಂದ. ಅವರ ಉಚ್ಚಾರವನ್ನು ಯಂತ್ರ ಒಪ್ಪುತ್ತಿರಲಿಲ್ಲ. ಒಮ್ಮೆ ಅವರು ಬಾಯಿ ತೆರೆಯುವ ಮೊದಲೇ ಕೆಳಗೆ ತಲಪಾಡಿ ಬಸ್ಸು ಹಾರ್ನ್ ಹಾಕಿತು. ಪರದೆಯಲ್ಲಿ ಹಸಿರು ಬಂತು. "ನೋಡು ಮಾರಾಯ್ತಿ, ಬಸ್ಸು ಪಾಸ್. ನಾನು ಫೇಲ್," ಎಂದು ನಿಯಮ ಮುರಿದು ಕನ್ನಡದಲ್ಲೇ ಹೇಳಿದರು. ಆದರೆ ಆ ವಾಕ್ಯವನ್ನು ಮತ್ತೆ ಮೊದಲಿನಿಂದ ಹೇಳಿದರು.

ಇನ್ನೊಂದು ದಿನ ಅವರು ಗಿರಾಕಿಗೆಂದು ಕೆಳಗಿಳಿದಾಗ, ಉಪಕಾರವಾಗಲಿ ಎಂದು ನಾನು ಅವರ ಪಾಠದ ವಾಕ್ಯಗಳನ್ನು ಮೈಕಿನಲ್ಲಿ ಹೇಳಿ ಹನ್ನೆರಡಕ್ಕೆ ದಾಟಿಸಿಬಿಟ್ಟೆ. ಮೇಲೆ ಬಂದವರು ಪರದೆಯನ್ನು ಬಹಳ ಹೊತ್ತು ನೋಡಿದರು. ಸಿಟ್ಟು ಮಾಡಲಿಲ್ಲ. ಹನ್ನೊಂದಕ್ಕೆ ಹಿಂದೆ ಹೋಗಿ ಕೂತರು. "ಇದು ನಿನ್ನ ಪಾಸ್, ಮಗಳೇ. ನನ್ನದಲ್ಲ." ಅಷ್ಟೇ. ನಾನು ಆವತ್ತು ಮನೆಗೆ ಹೋಗುವವರೆಗೂ ತಲೆ ಎತ್ತಲಿಲ್ಲ.

ಮೊದಲ ಸಂದರ್ಶನ ಏಜೆನ್ಸಿಯ ಆಫೀಸಿನಲ್ಲಿ, ದೊಡ್ಡ ಟಿ.ವಿ.ಯ ಮುಂದೆ. ಜಪಾನಿನ ಆರೈಕೆ ಕೇಂದ್ರದ ಒಬ್ಬ ಮಹಿಳೆ ಪರದೆಯ ಮೇಲಿದ್ದರು. ಹೆಸರು ಕೇಳಿದರು, ಹೇಳಿದೆ. ಆಮೇಲೆ, ನಿಮ್ಮ ಮಂಗಳೂರು ಎಂಥ ಊರು ಎಂದು ಕೇಳಿದರು. ಮೂರು ತಿಂಗಳಿನಿಂದ ಜಪಾನಿ ದನಿ ಕೇಳಿದೊಡನೆ ನಾನು ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ಅವರ ಪ್ರಶ್ನೆಯನ್ನೇ ಅದೇ ಸ್ವರದಲ್ಲಿ ಹೇಳಿದೆ. ಸಂಥೆಯ ಅಭ್ಯಾಸ ನೋಡಿ, ಎರಡು ಸಲ ಹೇಳಿದೆ.

ಅವರು ತಲೆ ವಾಲಿಸಿ ಇನ್ನೊಮ್ಮೆ ನಿಧಾನವಾಗಿ ಕೇಳಿದರು. ನಾನೂ ನಿಧಾನವಾಗಿ ಎರಡು ಸಲ ಹೇಳಿದೆ. ಏಜೆನ್ಸಿಯ ಯುವಕ ಓಡಿ ಬಂದು ಸ್ಪೀಕರಿನ ವಯರು ಕಿತ್ತು ಸಿಕ್ಕಿಸಿದ. "ಎಕೋ ಬರ್ತಾ ಉಂಟಂತೆ ಮೇಡಂ, ಸ್ವಲ್ಪ ನಿಲ್ಲಿ." ಆ ವಯರನ್ನು ಮೂರು ಸಲ ಸಿಕ್ಕಿಸಿದ ಮೇಲೆ ಎಲ್ಲರಿಗೂ ಗೊತ್ತಾಯಿತು, ಪ್ರತಿಧ್ವನಿ ಸ್ಪೀಕರಿನಲ್ಲಿಲ್ಲ, ನನ್ನಲ್ಲಿದೆ ಎಂದು. ಪರದೆಯ ಮಹಿಳೆ ನಗಲಿಲ್ಲ. ಎರಡು ತಿಂಗಳ ನಂತರ ಕೊನೆಯ ತಂಡದ ಸಂದರ್ಶನ ಇದೆ, ಮತ್ತೆ ಬನ್ನಿ ಎಂದು ಹೇಳಿಸಿದರು. ಆ ಎರಡು ತಿಂಗಳು ಕಳೆದು ಹದಿನೇಳನೆಯ ದಿನಕ್ಕೆ ನನಗೆ ನಲವತ್ತು ತುಂಬುತ್ತಿತ್ತು.

ಕಾಕನಿಗೆ ಹೇಳಿದೆ. ಅವರು ಕೆಮ್ಮು ಬರುವವರೆಗೆ ನಕ್ಕರು. ಮತ್ತೆ ಕಣ್ಣೊರೆಸಿಕೊಂಡು, "ನಗಬಾರದಿತ್ತು. ತಪ್ಪು ನನ್ನದು," ಎಂದರು. "ಅಷ್ಟು ಹಸಿರು ಬರ್ತಾ ಉಂಟು, ಆದ್ರೆ ನಿನ್ನ ಸ್ವರದಲ್ಲಿ ಯಾರೂ ಇರ್ಲಿಲ್ಲ. ನನಗೆ ಕೇಳ್ತಾ ಇತ್ತು. ಹೇಳ್ಲಿಲ್ಲ. ಆ ಪೆಟ್ಟಿಗೆಗೆ ಒಪ್ಪಲಿಕ್ಕೆ ಮಾತ್ರ ಗೊತ್ತು. ಅದಕ್ಕೆ ನಿನ್ನಿಂದ ಏನೂ ತಿಳ್ಕೊಳ್ಬೇಕಾಗಿಲ್ಲ."

ಮರುದಿನದಿಂದ ಕ್ರಮ ಬದಲಾಯಿತು. ಅರ್ಧ ಗಂಟೆ ಕಂಪ್ಯೂಟರು. ಉಳಿದ ಅರ್ಧ ಗಂಟೆ ಅವರು ರಸ್ತೆ ನೋಡುತ್ತಾ ಕೂರುವುದು, ನಾನು ಗೋಡೆ ನೋಡುತ್ತಾ ಕೂರುವುದು. ಅವರಿಗೆ ಕಾಣುವುದು ನನಗೆ ಕಾಣುವುದಿಲ್ಲ. ನನ್ನ ಪರದೆಯ ಚಿತ್ರ ಅವರಿಗೆ ಕಾಣುವುದಿಲ್ಲ. ಅದನ್ನು ಒಬ್ಬರಿಗೊಬ್ಬರು ಕೇಳಿ ತಿಳಿದುಕೊಳ್ಳಬೇಕು, ಜಪಾನಿಯಲ್ಲೇ. ಅವರು ಹೇಳಿದ್ದನ್ನು ನಾನು ಹಾಗೇ ಮರಳಿಸಿದರೆ ಕೈಯಲ್ಲಿದ್ದ ಸ್ಪ್ಯಾನರಿನಿಂದ ಚೌಕಟ್ಟಿಗೆ ಒಂದು ಬಡಿತ. ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೇಳಿದರೂ ಬಡಿತ. ಮೊದಲ ದಿನ ಹದಿನಾಲ್ಕು ಸಲ ಬಡಿದರು. ಕೆಳಗಿನಿಂದ ಚಾದಂಗಡಿಯವರು, "ಕಾಕಾ, ಎಂತ ರಿಪೇರಿ?" ಎಂದು ಕೂಗಿ ಕೇಳಿದರು. "ದೊಡ್ಡ ಕೆಲಸ ಉಂಟು!" ಎಂದು ಕಾಕ ಉತ್ತರ ಕೊಟ್ಟರು.

ಅವರ ಜಪಾನಿ ಬಹಳ ಕೆಟ್ಟದಾಗಿತ್ತು. ಅದೇ ನನಗೆ ಅನುಕೂಲವಾಯಿತು. ಅದನ್ನು ಅನುಕರಿಸುವುದು ಸಾಧ್ಯವೇ ಇರಲಿಲ್ಲ, ಅರ್ಥ ಮಾಡಿಕೊಳ್ಳುವುದೊಂದೇ ದಾರಿ. ಬಸ್ಸು ಬಂತು, ಎನ್ನುವರು. ಯಾವ ಬಣ್ಣ, ಎಂದು ನಾನು. ಕೆಂಪು. ಜನ ಇದ್ದಾರಾ? ಇದ್ದಾರೆ. ಅಜ್ಜಿ ಇಳಿಯುತ್ತಿದ್ದಾರೆ. ಚೀಲ ದೊಡ್ಡದು. ಯಾರಾದರೂ ಹಿಡಿದರಾ? ಇಲ್ಲ. ಈಗ ಹಿಡಿದರು. ಹೀಗೆ ನಾನು ನೋಡದ ಪಂಪ್‌ವೆಲ್ ಅನ್ನು ಕೇಳಿ ಕೇಳಿ ಕಟ್ಟಿಕೊಂಡೆ. ಒಂದು ದಿನ ಅಜ್ಜಿ ಬಿದ್ದರು ಎಂದರು ಕಾಕ. ಭಾಷೆ ಯಾವುದೆಂದು ಮರೆತು ನಾನು ಕೇಳಿಬಿಟ್ಟೆ, ಪೆಟ್ಟಾಯಿತಾ, ಎದ್ದರಾ, ಯಾರು ಎತ್ತಿದರು ಎಂದು. ಅಷ್ಟನ್ನೂ ಜಪಾನಿಯಲ್ಲೇ ಕೇಳಿದ್ದೆ. ಕಾಕ ಕನ್ನಡದಲ್ಲಿ ಹೇಳಿದರು, "ಯಾರೂ ಬೀಳ್ಲಿಲ್ಲ ಮಗಳೇ. ನೀನು ಮಾತಾಡ್ತೀಯಾ ಅಂತ ನೋಡಿದೆ."

ಎರಡನೆಯ ಸಂದರ್ಶನದಲ್ಲಿ ಅದೇ ಮಹಿಳೆ ಕೇಳಿದರು: ವಯಸ್ಸಾದವರು ಊಟ ಮಾಡುವುದಿಲ್ಲ ಎಂದರೆ ಏನು ಮಾಡುತ್ತೀರಿ? ನಾನು ಸುಮ್ಮನಿದ್ದೆ. ಏಜೆನ್ಸಿಯ ಯುವಕ ಮತ್ತೆ ಸ್ಪೀಕರಿನ ಕಡೆ ನೋಡಿದ. ನಾನು ಅವಸರ ಮಾಡಲಿಲ್ಲ. ಆಮೇಲೆ ಹೇಳಿದೆ. ಅಮ್ಮ ತಿನ್ನಲಿಲ್ಲ. ನಾನು ಕಾದೆ. ಕಿಟಕಿ ತೆರೆದೆ. ಬಸ್ಸು ಬಂತು. ಅಮ್ಮ, ಕೆಂಪು ಬಸ್ಸು, ಎಂದೆ. ಅಮ್ಮ ನೋಡಿದಳು. ಸ್ವಲ್ಪ ತಿಂದಳು. ನನ್ನಲ್ಲಿದ್ದ ವಾಕ್ಯಗಳು ಅಷ್ಟೇ, ಮಕ್ಕಳ ವಾಕ್ಯಗಳು. ಆದರೆ ಅದು ನಿಜವಾಗಿ ನಡೆದದ್ದು. ಆ ಮಹಿಳೆ ಕನ್ನಡಕ ತೆಗೆದು ಒರೆಸಿಕೊಂಡು ಏನೋ ಬರೆದುಕೊಂಡರು.

ಎಂಟು ದಿನ ಬಿಟ್ಟು ಮಂಗಳವಾರ ಮೂರೂವರೆಗೆ ಏಜೆನ್ಸಿಯಿಂದ ಫೋನು ಬಂತು. ಆಯ್ಕೆಯಾಗಿದೆ. ಅಣ್ಣನಿಗೂ ಹೇಳದೆ, ಡ್ಯೂಟಿ ಮುಗಿದೊಡನೆ ನೇರ ಪಂಪ್‌ವೆಲ್‌ಗೆ ಹೋದೆ.

ಇಲ್ಲಿಂದ ಮುಂದೆ ಎಚ್ಚರದಿಂದ ಬರೆಯುತ್ತೇನೆ. ಮೆಟ್ಟಿಲು ಹತ್ತಿದಾಗ ನಾಲ್ಕು ಗಂಟೆ ಹತ್ತು ನಿಮಿಷ. ಕಾಕ ಕುರ್ಚಿಯಲ್ಲಿದ್ದರು. ನಾನು ಒಳಗೆ ಹೋಗಲೆಂದು ಮಂಡಿ ಪಕ್ಕಕ್ಕೆ ಸರಿಸಿದರು. ಮುಖ ಸ್ವಲ್ಪ ಬೆವರಿತ್ತು, ಸೆಕೆಗೆ ಎಂದುಕೊಂಡೆ. ಆರೈಕೆಯ ಕೆಲಸದವಳು ನಾನು, ನಿಂತು ನೋಡಬೇಕಿತ್ತು. ಸಂತೋಷದಲ್ಲಿದ್ದೆ, ನೋಡಲಿಲ್ಲ. ಈವತ್ತು ನೀನು ಮೊದಲು ಎಂದು ಜಪಾನಿಯಲ್ಲಿ ಹೇಳಿದರು. ನಾನು ಹೋಗಿ ನನ್ನ ಜಾಗದಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತೆ. ಕಂಪ್ಯೂಟರು ಶುರುವಾಗಲು ಬಿಟ್ಟೆ, ಅದಕ್ಕೆ ಮೂರು ನಾಲ್ಕು ನಿಮಿಷ ಬೇಕು. ಪರದೆಯ ಮೂಲೆಯಲ್ಲಿ ಸಮಯ ಬಂದಾಗ ನಾಲ್ಕು ಹದಿನೈದು. ಆಗ ಹೇಳಿದೆ: "ವತಾಶಿ ವ ನಿಹೊನ್ ನಿ ಇಕಿಮಾಸ್." ನಾನು ಜಪಾನಿಗೆ ಹೋಗುತ್ತೇನೆ.

ಅವರು ಏನೂ ಹೇಳಲಿಲ್ಲ. ಸುಮ್ಮನಿರುವವರನ್ನು ಅವಸರಪಡಿಸಬಾರದು. ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೇಳಬಾರದು. ಅಳುತ್ತಿರಬೇಕು ಎಂದುಕೊಂಡೆ; ಹಾಗಿದ್ದರೆ ತಿರುಗಿ ನೋಡುವುದು ಸರಿಯಲ್ಲ. ನಾಲ್ಕು ಇಪ್ಪತ್ತೆರಡಕ್ಕೆ ಚಾದಂಗಡಿಯವರು ಗ್ಲಾಸು ಹಿಡಿದು ಮೆಟ್ಟಿಲು ಹತ್ತಿ ಬಂದವರು ಅರ್ಧದಲ್ಲಿ ನಿಂತರು. ಅವರ ಮುಖ ಕಾಕನ ಎದುರಿಗಿತ್ತು. "ಅಕ್ಕಾ, ಇಲ್ಲಿ ನೋಡಿ," ಎಂದರು.

ನೆಲಕ್ಕೆ ಮಲಗಿಸಿ ಎದೆ ಒತ್ತಿದೆ. ಟಯರ್ ಅಂಗಡಿಯವರು ಕಾರು ತಂದರು. ದಾರಿಯುದ್ದಕ್ಕೂ ಒತ್ತಿದೆ. ಕಂಕನಾಡಿಯ ಆಸ್ಪತ್ರೆಯಲ್ಲಿ ವೈದ್ಯರು, ಹೃದಯ ಒಮ್ಮೆಲೇ ನಿಂತಿದೆ, ಏನು ಮಾಡಿದ್ದರೂ ಉಳಿಯುತ್ತಿರಲಿಲ್ಲ ಎಂದರು. ಮನೆಯವರಿಗೆ ಹಾಗೆ ಹೇಳುವುದನ್ನು ನಾನು ಹಲವು ಸಲ ಕೇಳಿದ್ದೇನೆ. ಒಮ್ಮೊಮ್ಮೆ ಅದು ನಿಜವೂ ಆಗಿರುತ್ತದೆ. ನಾಲ್ಕು ಹದಿನೈದಕ್ಕೆ ಅವರಿದ್ದರೇ, ನನ್ನ ಮಾತು ಅವರ ಕಿವಿಗೆ ಬಿತ್ತೇ ಎಂದು ಹೇಳಬಲ್ಲವರು ಯಾರೂ ಇಲ್ಲ.

ಐದನೆಯ ದಿನ ಕೂಳೂರಿನ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಳಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು, ಸಣ್ಣ ಶರೀರ, ಬಿಳಿ ಬಟ್ಟೆ. ಪಕ್ಕದಲ್ಲಿ ಮಗಳು. ನಾನು ಕ್ಷಮೆ ಕೇಳಲು ಹೋಗಿದ್ದೆ. ಏಳು ನಿಮಿಷದ ವಿಷಯವನ್ನು ಒಂದೂ ಬಿಡದೆ ಹೇಳಿದೆ. ಅವರು ಪೂರ್ತಿ ಕೇಳಿದರು.

"ಹೋಗುವವರು ಹೋಗ್ತಾರೆ ಮಗಳೇ. ನೀನು ತಿರುಗಿದ್ರೆ ನಿಲ್ತಿದ್ರಾ?" ಎಂದರು. ಆಮೇಲೆ, "ಕಡೆಗೆ ಎಂತ ಹೇಳಿದಿ ನೀನು ಅವರತ್ರ?"

"ಜಪಾನಿಗೆ ಹೋಗ್ಲಿಕ್ಕೆ ಆಯ್ಕೆ ಆಯ್ತು ಅಂತ."

"ಹಾಗಲ್ಲ. ಹೇಗೆ ಹೇಳಿದಿ, ಹಾಗೆ ಹೇಳು."

ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಬಹಳ ಹೊತ್ತು ಸುಮ್ಮನಿದ್ದರು. ನಾನು ಕಾದೆ, ಈ ಸಲ ಮುಖ ನೋಡುತ್ತಾ. ಅವರ ತುಟಿ ಒಂದೆರಡು ಸಲ ಅಲುಗಾಡಿತು.

"ಇತ್ಸು," ಎಂದರು. "ಇತ್ಸು ಇಕಿಮಾಸ್ ಕಾ?"

ಯಾವಾಗ ಹೋಗುತ್ತೀ ಎಂದು ಅದರ ಅರ್ಥ. ಮಗಳು ತಾಯಿಯ ಮುಖ ನೋಡಿದಳು.

"ಬೆಳಿಗ್ಗೆ ನಾನು ಮೀನು ಕೊಯ್ಯುವಾಗ ಅವರು ಎದುರಿಗೆ ಕೂತು ಹೀಗೇ ಕೇಳುದು," ಎಂದರು ಅವರು. "ಮಾರ್ಕೆಟಿಗೆ ಯಾವಾಗ ಹೋಗ್ತಿ, ಮಗಳ ಮನೆಗೆ ಯಾವಾಗ ಹೋಗ್ತಿ ಅಂತ. ಸಂಜೆ ಆ ಹುಡುಗಿಯತ್ರ ಕೇಳ್ಲಿಕ್ಕುಂಟು, ತಪ್ಪಾಗಬಾರದು, ನೀನು ಉತ್ತರ ಹೇಳು ಅಂತ. ನಾನು ಹೇಳದಿದ್ರೆ ಚಾ ಮುಟ್ಟುದಿಲ್ಲ. ಎಂಥ ಹಟ ಅಂತೀ. ಈಗ ನೀನು ಹೇಳು. ಯಾವಾಗ?"

"ಸಂಗತ್ಸು," ಎಂದೆ.

"ಅದು ಯಾವ ತಿಂಗಳು? ತಿಂಗಳ ಹೆಸರಿನ ಪಾಠಕ್ಕೆ ಅವರು ಬರ್ಲೇ ಇಲ್ಲ."

"ಮಾರ್ಚ್."

"ಮಾರ್ಚ್," ಎಂದು ಅವರು ತಲೆಯಾಡಿಸಿದರು. ಅಷ್ಟರಲ್ಲಿ ನೆರೆಯ ಇಬ್ಬರು ಹೆಂಗಸರು ಒಳಗೆ ಬಂದು ಕೂತರು. ಅವರಿಗೆ ಬ್ಯಾರಿ ಭಾಷೆಯಲ್ಲಿ ನನ್ನನ್ನು ತೋರಿಸಿ ಹೇಳಿದರು: ಇವಳು ಮಾರ್ಚಿನಲ್ಲಿ ಜಪಾನಿಗೆ ಹೋಗುತ್ತಾಳೆ, ನಮ್ಮವರು ಕಲಿಸಿದ್ದು. ಇನ್ನೂ ಒಬ್ಬರು ಬಂದರು, ಅವರಿಗೂ ಹೇಳಿದರು. ಹಾಗೆ ಹೇಳುವಾಗ ಅವರ ಕೈ ನನ್ನ ಮಂಡಿಯ ಮೇಲಿತ್ತು.